ಕಾಡಂಚಿನಲ್ಲಿ ಹತ್ತು ಟೆಂಟಿನ ಸಫಾರಿ ಕ್ಯಾಂಪ್: ನೀರು, ಮುಸುರೆ, ಬೆಳಕಿನ ಲೆಕ್ಕ

ಪೇಟೆಯಲ್ಲಿ ಪರಿಸರಸ್ನೇಹಿ ಅನ್ನಿಸಿಕೊಳ್ಳುವ ಹಲವು ಕೆಲಸಗಳು ಕಾಡಂಚಿನಲ್ಲಿ ತಿರುಗುಬಾಣವಾಗುತ್ತವೆ. ತೆರೆದ ಗೊಬ್ಬರಗುಂಡಿಗೆ ಕಾಡುಹಂದಿ, ಕರಡಿ ಬರುತ್ತವೆ. ಟೆಂಟಿನ ಪಕ್ಕ ನೆಟ್ಟ ಬಾಳೆ, ಹಲಸಿಗೆ ಆನೆ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಅಂಗಳದ ಪುಟ್ಟ ಕೊಳ ತುಂಬಿಸಿಟ್ಟರೆ ನೀರು ಹುಡುಕುವ ಪ್ರಾಣಿಗಳೆಲ್ಲ ಜನರ ನಡುವೆಯೇ ಬಂದು ನಿಲ್ಲುತ್ತವೆ. ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಕ್ಯಾಂಪ್ ನಡೆಸುವವರು ಪ್ರತಿ ತೀರ್ಮಾನಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು: ಇದರಿಂದ ಪ್ರಾಣಿ ಒಳಗೆ ಬರುತ್ತದೆಯೇ? ಅದರ ದಾರಿ ಕಟ್ಟಿಹೋಗುತ್ತದೆಯೇ? ಎರಡೂ ಆಗಕೂಡದು. ಕೆಳಗಿನ ಲೆಕ್ಕಗಳೆಲ್ಲ 10 ಟೆಂಟು, 20 ಅತಿಥಿಗಳು, 12 ಸಿಬ್ಬಂದಿ ಇರುವ ಕ್ಯಾಂಪಿಗೆ ಹಾಕಿದವು.

ಜಾಗ ನೋಡುವಾಗ

ಮೊದಲು ಸರ್ವೆ ನಂಬರ್ ಹಿಡಿದು ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ಓದಿ. ಬಂಡೀಪುರದ್ದು 2012ರಲ್ಲಿ ಹೊರಬಂದಿದೆ. ಒಂದೊಂದು ಕಾಡಿನ ನಿಯಮ ಒಂದೊಂದು ಥರ, ಹಾಗಾಗಿ ದಲ್ಲಾಳಿಯ ಮಾತು ನೆಚ್ಚಿ ಮುಂಗಡ ಕೊಡಬೇಡಿ. ಭೂಪರಿವರ್ತನೆ, ಪಂಚಾಯಿತಿ ಪರವಾನಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇವೆಲ್ಲ ಆಮೇಲಿನ ಮಾತು. ಜಾಗ ಆನೆ ದಾರಿಯಲ್ಲಿದ್ದರೆ ಇವು ಯಾವುವೂ ಕೈಹಿಡಿಯುವುದಿಲ್ಲ. ಪಕ್ಕದ ನೀಲಗಿರಿಯ ಸಿಗೂರು ಆನೆ ಕಾರಿಡಾರನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿದಾಗ, ರೆಸಾರ್ಟುಗಳು ಜಾಗ ಬಿಡಬೇಕೆಂಬ ಆದೇಶವೇ ಊರ್ಜಿತವಾಯಿತು.

ಜಾಗವನ್ನು ಕನಿಷ್ಠ ಎರಡು ಕಾಲದಲ್ಲಿ ನಡೆದು ನೋಡಿ, ಏಪ್ರಿಲಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ. ಕಬಿನಿ ಹಿನ್ನೀರಿನ ಪಕ್ಕದ ಜಮೀನಾದರೆ ಇದು ಇನ್ನೂ ಮುಖ್ಯ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಹಸಿರು ಹುಲ್ಲು ಮೇಲೆದ್ದಾಗ ಆನೆಗಳು ಅಲ್ಲಿಗೆ ಗುಂಪುಗಟ್ಟಿ ಇಳಿಯುತ್ತವೆ. ವಯನಾಡಿನ ಮಳೆಗೆ ಜಲಾಶಯ ತುಂಬಿದ ಮೇಲೆ ಅವುಗಳ ಓಡಾಟವೇ ಬೇರೆಯಾಗುತ್ತದೆ. ಲದ್ದಿ, ಮರಕ್ಕೆ ಮೈ ಉಜ್ಜಿದ ಕೆಸರಿನ ಗುರುತು, ತುಳಿದು ಗಟ್ಟಿಯಾದ ಸೀಳುದಾರಿ ಕಂಡಲ್ಲೆಲ್ಲ ಗೂಟ ಹೊಡೆದು ನಕ್ಷೆಗೆ ಇಳಿಸಿ. ಹತ್ತಿರದ ಹಾಡಿಯ (ಆದಿವಾಸಿಗಳ ಊರಿನ) ಹಿರಿಯರನ್ನು, ಅರಣ್ಯ ವಾಚರ್‌ಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಕಾಣುವುದು ಎಂಜಿನಿಯರಿಗೆ ಕಾಣುವುದಿಲ್ಲ. ಗುರುತಾದ ದಾರಿಯಿಂದ ಟೆಂಟುಗಳು 100 ಮೀಟರ್ ದೂರವಾದರೂ ಇರಲಿ.

ಇಡೀ ಜಮೀನಿಗೆ ಸೋಲಾರ್ ಬೇಲಿ ಎಳೆದರೆ ಆನೆ ಪಕ್ಕದ ರೈತನ ಹೊಲಕ್ಕೆ ತಿರುಗುತ್ತದೆ. ಟೆಂಟುಗಳಿರುವ ಭಾಗ ಮತ್ತು ಅಡುಗೆಮನೆಗೆ ಮಾತ್ರ ಬೇಲಿ ಹಾಕಿ, ಉಳಿದದ್ದನ್ನು ಬಿಡಿ. ತಂತಿಗೆ ಗಿಡಗಂಟಿ ತಾಗಿದರೆ ವೋಲ್ಟೇಜು ಸೋರಿಹೋಗುತ್ತದೆ, ಮಳೆಗಾಲದಲ್ಲಂತೂ ವಾರದೊಳಗೆ ಬಳ್ಳಿ ಹಬ್ಬಿರುತ್ತದೆ. ದಿನಾ ಸಂಜೆ ಮೀಟರ್ ಹಿಡಿದು ನೋಡಿ, 5 ಕಿಲೋವೋಲ್ಟ್‌ಗಿಂತ ಕೆಳಗಿಳಿದರೆ ಆ ರಾತ್ರಿಯೇ ಸರಿಪಡಿಸಿ. ಬೇಲಿಯಲ್ಲಿ ಶಕ್ತಿಯಿಲ್ಲವೆಂದು ಆನೆಗೆ ಒಮ್ಮೆ ಗೊತ್ತಾದರೆ ಅದು ಮರೆಯುವುದಿಲ್ಲ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಕೊಲೆಗೆ ಸಮ, ಅಪರಾಧವೂ ಹೌದು.

ಟೆಂಟುಗಳನ್ನು ನೆಲದಿಂದ 60 ಸೆಂ.ಮೀ. ಎತ್ತರದ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ. ಮಳೆನೀರು ಅಡಿಯಲ್ಲೇ ಹರಿದುಹೋಗುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ, ಮುಂದೊಂದು ದಿನ ಕಿತ್ತರೆ ನೆಲದಲ್ಲಿ ಕಾಂಕ್ರೀಟ್ ಉಳಿಯುವುದಿಲ್ಲ. ಮೇಲಿನ ಹೊದಿಕೆಗೂ ಒಳಗಿನ ಕ್ಯಾನ್ವಾಸಿಗೂ ನಡುವೆ 30 ಸೆಂ.ಮೀ. ಗಾಳಿ ಆಡಬೇಕು. ಇಲ್ಲದಿದ್ದರೆ ಜುಲೈ ಹೊತ್ತಿಗೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ನೀರು

ಅತಿಥಿಗೆ ದಿನಕ್ಕೆ 150 ಲೀಟರ್, ಸಿಬ್ಬಂದಿಗೆ 100 ಲೀಟರ್ ಎಂದಿಟ್ಟರೆ ಒಟ್ಟು 4,200 ಲೀಟರ್ ಬೇಕು. ಅಡುಗೆ, ಒಗೆತ ಎಲ್ಲ ಇದರೊಳಗೇ ಮುಗಿಯಬೇಕು. ಸಾಮಾನ್ಯ ಶವರ್ ನಿಮಿಷಕ್ಕೆ 12ರಿಂದ 15 ಲೀಟರ್ ಸುರಿಯುತ್ತದೆ, 7 ಲೀಟರಿನದ್ದು ಹಾಕಿ. ಅದಕ್ಕಿಂತ ಒಳ್ಳೆಯದು ಬಕೆಟ್ ಮತ್ತು ಚೊಂಬು. ನಮ್ಮ ಜನರಲ್ಲಿ ಬಹಳ ಮಂದಿಗೆ ಅದೇ ಇಷ್ಟ, 25 ಲೀಟರಿನಲ್ಲಿ ಸ್ನಾನ ಮುಗಿಯುತ್ತದೆ. ಪ್ರತಿ ಬಚ್ಚಲಲ್ಲೂ ಒಂದು ಒಳ್ಳೆಯ ಬಕೆಟ್ ಇಡಿ.

ಬಿಸಿನೀರಿನ ಪೈಪಿನಲ್ಲಿ ಆಗುವ ನಷ್ಟ ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಮುಕ್ಕಾಲು ಇಂಚಿನ ಪೈಪು 20 ಮೀಟರ್ ಎಳೆದರೆ ಒಳಗೆ 6 ಲೀಟರಿಗೂ ಹೆಚ್ಚು ತಣ್ಣೀರು ನಿಂತಿರುತ್ತದೆ, ಬಿಸಿನೀರು ಬರುವವರೆಗೆ ಪ್ರತಿ ಸಲವೂ ಅದು ಮೋರಿಗೆ ಹೋಗುತ್ತದೆ. ಒಂದೇ ದೊಡ್ಡ ಸೋಲಾರ್ ಹೀಟರ್ ಬದಲು ಎರಡು ಟೆಂಟಿಗೊಂದರಂತೆ 200 ಲೀಟರಿನವು ಕೂರಿಸಿ, ಅರ್ಧ ಇಂಚಿನ ಪೈಪಿನಲ್ಲಿ 8 ಮೀಟರಿನೊಳಗೆ ಮುಗಿಸಿ. ಕೊಳವೆಬಾವಿ ನೀರು ಗಡುಸಾಗಿದ್ದರೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿಯೇ ಬೇಕು, ಇಲ್ಲವಾದರೆ ಸುಣ್ಣ ಕಟ್ಟಿ ನೀರು ಕಾಯುವುದೇ ನಿಲ್ಲುತ್ತದೆ. ಗಾಜಿನ ಕೊಳವೆಗಳ ಮೇಲೆ ಕೋತಿ, ಮುಸಿಯ ಕುಣಿಯದಂತೆ ಮೆಶ್ ಬಿಗಿಯಿರಿ. ನೆಲದಡಿಯ ಪೈಪು 60 ಸೆಂ.ಮೀ. ಆಳದಲ್ಲಿರಲಿ, ಮೇಲೆ ಓಡಿಸಿದ ಪೈಪಿನಲ್ಲಿ ನೀರಿನ ವಾಸನೆ ಹಿಡಿದು ಬೇಸಿಗೆಯಲ್ಲಿ ಆನೆ ಕೀಳುತ್ತದೆ.

ವರ್ಷಕ್ಕೆ 800 ಮಿ.ಮೀ. ಮಳೆ ಬೀಳುವ ಕಡೆ, ಊಟದ ಮನೆ ಮತ್ತು ಅಡುಗೆಮನೆಯ 200 ಚದರ ಮೀಟರ್ ಚಾವಣಿಯಿಂದ ಸುಮಾರು 1,28,000 ಲೀಟರ್ ಹಿಡಿಯಬಹುದು. ಕ್ಯಾಂಪಿನ ಒಂದು ತಿಂಗಳ ಖರ್ಚು ಅದು. 30,000 ಲೀಟರಿನ ಮುಚ್ಚಿದ ಸಂಪು ಕಟ್ಟಿ, ಮಿಕ್ಕಿದ್ದನ್ನು ಜಲ್ಲಿ ಮರಳಿನ ಸೋಸುಗುಂಡಿಯ ಮೂಲಕ ಕೊಳವೆಬಾವಿಯ ಪಕ್ಕ ಇಂಗಿಸಿ. ಒಣಹವೆಯ ನಂತರದ ಮೊದಲ ಮಳೆಯಲ್ಲಿ 400 ಲೀಟರನ್ನು ಹೊರಗೆ ಬಿಡಿ, ಚಾವಣಿಯ ಹಿಕ್ಕೆ, ಎಲೆ ಅದರಲ್ಲಿ ಹೋಗುತ್ತದೆ.

ಕುಡಿಯುವ ನೀರಿಗೆ ಬಾಟಲಿ ತರಿಸಬೇಡಿ. ಅತಿಥಿಗೆ ದಿನಕ್ಕೆ ಮೂರರಂತೆ ವರ್ಷಕ್ಕೆ 200 ದಿನ ಕ್ಯಾಂಪ್ ತುಂಬಿದ್ದರೆ 12,000 ಬಾಟಲಿ ಆಗುತ್ತದೆ, ಅದನ್ನು ಕೊಂಡೊಯ್ಯುವವರು ಕಾಡಂಚಿನಲ್ಲಿ ಯಾರೂ ಇಲ್ಲ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, ಲೀಟರಿಗೆ 500 ಮಿಲಿಗ್ರಾಮಿನೊಳಗಿದ್ದರೆ ಯುವಿ ಫಿಲ್ಟರ್ ಸಾಕು. ಆರ್‌ಒ ಹಾಕಲೇಬೇಕಾದರೆ ಅದು ಹೊರಹಾಕುವ ನೀರನ್ನು ಫ್ಲಶ್ ಟ್ಯಾಂಕಿಗೆ ತಿರುಗಿಸಿ.

ಬಚ್ಚಲು ನೀರು, ಶೌಚದ ನೀರು

ಇವೆರಡನ್ನೂ ಮೊದಲ ದಿನದಿಂದಲೇ ಬೇರೆ ಬೇರೆ ಪೈಪಿನಲ್ಲಿ ಒಯ್ಯಿರಿ. ಬಚ್ಚಲು, ಅಡುಗೆಮನೆಯಿಂದ ದಿನಕ್ಕೆ 2,700 ಲೀಟರ್ ಬರುತ್ತದೆ. ಅಡುಗೆಮನೆಯ ನೀರು ಮೊದಲು ಮೂರು ಕೋಣೆಯ 300 ಲೀಟರ್ ಜಿಡ್ಡು ತೊಟ್ಟಿ ದಾಟಬೇಕು, ಆಮೇಲೆ ಎಲ್ಲವೂ ಸೇರಿ ಕೆಸರು ತಂಗುವ ತೊಟ್ಟಿಗೆ, ಅಲ್ಲಿಂದ ಜೊಂಡಿನ ಪಾತಿಗೆ, ಅಂದರೆ ಜಲ್ಲಿ ತುಂಬಿ ಜೊಂಡು ನೆಟ್ಟು ನೀರು ಸೋಸುವ ಮಡಿಗೆ. ಪಾತಿ 15 ಮೀಟರ್ ಉದ್ದ, 3 ಮೀಟರ್ ಅಗಲ, 60 ಸೆಂ.ಮೀ. ಆಳ. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ನೂರಕ್ಕೆ ಒಂದರಷ್ಟು ಇಳಿಜಾರು. ನೀರು ಒಳಬರುವ ಮತ್ತು ಹೊರಹೋಗುವ ತುದಿಗಳಲ್ಲಿ ಅರ್ಧ ಮೀಟರಿನಷ್ಟು ಜಾಗಕ್ಕೆ 40ರಿಂದ 60 ಮಿ.ಮೀ. ಕಲ್ಲು, ನಡುವೆ 10ರಿಂದ 20 ಮಿ.ಮೀ. ತೊಳೆದ ಜಲ್ಲಿ. ತೊಳೆಯದ ಜಲ್ಲಿ ತುಂಬಿದರೆ ಅದರ ದೂಳಿಗೇ ಮೊದಲ ವರ್ಷದಲ್ಲಿ ಪಾತಿ ಕಟ್ಟಿಕೊಂಡು ನೀರು ಹರಿಯದಂತಾಗುತ್ತದೆ. ಈ ಅಳತೆಯಲ್ಲಿ ನೀರು ಸುಮಾರು ನಾಲ್ಕು ದಿನ ಒಳಗೆ ತಂಗುತ್ತದೆ, ಅಷ್ಟು ಬೇಕು.

ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ 5ರಿಂದ 10 ಸೆಂ.ಮೀ. ಕೆಳಗೇ ಇರಲಿ. ಮೇಲೆ ಕಂಡರೆ ಸೊಳ್ಳೆ ಖಚಿತ, ಹೊರಹರಿವಿನ ತಿರುಗಿಸುವ ಮೊಣಕೈ ಪೈಪಿನಿಂದ ಇಳಿಸಿಕೊಳ್ಳಿ. ಜೊಂಡು, ಲಾವಂಚ ಎರಡೂ ಚೆನ್ನಾಗಿ ಬರುತ್ತವೆ. ಜೊಂಡನ್ನು ಆನೆ ತಿನ್ನುತ್ತದೆ, ಆದ್ದರಿಂದ ಪಾತಿ ಬೇಲಿಯೊಳಗೇ ಇರಬೇಕು. ಪಾತಿ ನಾರತೊಡಗಿದರೆ ನೂರಕ್ಕೆ ತೊಂಬತ್ತು ಸಲ ತಪ್ಪು ಜಿಡ್ಡು ತೊಟ್ಟಿಯದ್ದು: ಎರಡು ದಿನಕ್ಕೊಮ್ಮೆ ಜಿಡ್ಡು ಬಳಿದು ತೆಗೆಯುವ ಕೆಲಸ ಯಾರದೆಂದು ಹೆಸರು ಹಿಡಿದು ಹೇಳಿರಬೇಕು. ಬ್ಲೀಚ್, ಫಿನಾಯಿಲ್ ಎರಡನ್ನೂ ಸ್ಟೋರಿನಿಂದಲೇ ತೆಗೆದುಹಾಕಿ, ಅವು ಪಾತಿಯ ಜೀವಾಣುಗಳನ್ನು ಕೊಲ್ಲುತ್ತವೆ. ನೆಲ ಒರೆಸಲು ಅಂಟುವಾಳದ ನೀರು ಸಾಕು.

ಶೌಚದ ನೀರಿಗೆ ಎರಡು ಕೋಣೆಯ 6,000 ಲೀಟರಿನ ಸೆಪ್ಟಿಕ್ ಟ್ಯಾಂಕು, ಅದರಾಚೆ ಇಂಗು ಕಾಲುವೆ. ಕಾಲುವೆಯ ತಳ ಮಳೆಗಾಲದ ಅಂತರ್ಜಲಕ್ಕಿಂತ 2 ಮೀಟರ್ ಮೇಲಿರಬೇಕು. ಹಿನ್ನೀರಿನ ದಡದಲ್ಲಿ ಬೇಸಿಗೆಯಲ್ಲಿ ಗುಂಡಿ ತೋಡಿದವರು ತಪ್ಪುವುದು ಇಲ್ಲೇ. ಆಗಸ್ಟಿನಲ್ಲಿ ಜಲಾಶಯ ತುಂಬಿದಾಗ ಗುಂಡಿಯೊಳಗೇ ನೀರು ಉಕ್ಕಿ, ಹೊಲಸು ನೇರ ಹಿನ್ನೀರಿಗೆ ಸೇರುತ್ತದೆ.

ಮುಸುರೆ

32 ಜನರ ಅಡುಗೆಮನೆಯಿಂದ ದಿನಕ್ಕೆ 12ರಿಂದ 15 ಕಿಲೋ ಹಸಿ ಕಸ ಬರುತ್ತದೆ. ಅದು ಒಂದು ರಾತ್ರಿ ಹೊರಗುಳಿದರೆ ಹಂದಿ ಬರುತ್ತದೆ, ಊರನಾಯಿ ಬರುತ್ತದೆ. ನಾಯಿಯ ಹಿಂದೆ ಚಿರತೆ. ಕ್ಯಾಂಪಿನ ಸುತ್ತ ಚಿರತೆ ಸುಳಿಯುತ್ತಿದ್ದರೆ ಮೊದಲು ನೋಡಬೇಕಾದ್ದು ಕಸದ ಡ್ರಮ್ಮಿನ ಮುಚ್ಚಳವನ್ನು. ನಾಯಿ ಸಾಕಬೇಡಿ, ಬಂದದ್ದಕ್ಕೆ ಅನ್ನ ಹಾಕಬೇಡಿ; ಕಾಡುನಾಯಿಗಳಿಗೆ ಊರನಾಯಿಯ ಕಾಯಿಲೆ ಹರಡುವ ಅಪಾಯವೂ ಇದೆ.

2 ಘನ ಮೀಟರಿನ ತೇಲುಮುಚ್ಚಳದ ಗೋಬರ್ ಗ್ಯಾಸ್ ತೊಟ್ಟಿ ಈ ಕಸಕ್ಕೆ ಸರಿಹೋಗುತ್ತದೆ. ಸಗಣಿಯನ್ನು ಸಮಪಾಲು ನೀರಿನಲ್ಲಿ ಕದಡಿ ತುಂಬಿ, ಎರಡು ಮೂರು ವಾರ ಬಿಡಿ. ಉರಿ ನೀಲಿಯಾದ ಮೇಲೆ ದಿನಕ್ಕೆ 2 ಕಿಲೋ ಮುಸುರೆಯಿಂದ ಶುರುಮಾಡಿ, ಒಂದು ತಿಂಗಳಲ್ಲಿ ಪೂರ್ತಿ ಅಳತೆಗೆ ಬನ್ನಿ. ಕಸವನ್ನು ಸಣ್ಣಗೆ ಅರೆದು ಅಷ್ಟೇ ನೀರು ಬೆರೆಸಬೇಕು. ನಿಂಬೆ, ಮೂಸಂಬಿ ಸಿಪ್ಪೆ, ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು, ಮೂಳೆ ಬೇಡ. ತುಂಬಿದ ಕ್ಯಾಂಪಿನ ಮರುದಿನ ಎಲ್ಲವನ್ನೂ ಒಟ್ಟಿಗೆ ಸುರಿದರೆ ತೊಟ್ಟಿ ಹುಳಿಯಾಗುತ್ತದೆ: ಗ್ಯಾಸ್ ಬಂದರೂ ಹೊತ್ತುವುದಿಲ್ಲ, ಹುಳಿ ನಾತ ಹೊಡೆಯುತ್ತದೆ. ಹಾಗಾದಾಗ ನಾಲ್ಕೈದು ದಿನ ಏನೂ ಹಾಕದೆ, ದಿನಾ ಒಂದು ಬಕೆಟ್ ಸಗಣಿ ನೀರು ಮಾತ್ರ ಕೊಡಿ. ಚೆನ್ನಾಗಿ ನಡೆದರೆ ತಿಂಗಳಿಗೆ ಸುಮಾರು ಒಂದು 19 ಕಿಲೋ ಸಿಲಿಂಡರ್ ಉಳಿಯುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಗ್ಯಾಸ್ ಕಡಿಮೆಯಾಗುವುದು ಸಹಜ, ಕೆಟ್ಟಿತೆಂದು ತೊಟ್ಟಿ ಬಿಚ್ಚಬೇಡಿ. ಅರೆಯುವ ಯಂತ್ರ, ಡ್ರಮ್ಮು, ತೊಟ್ಟಿ ಎಲ್ಲವೂ ಬೀಗವಿರುವ ಮೆಶ್ ಕೋಣೆಯೊಳಗಿರಲಿ.

ಒಣ ಕಸ ಕಡಿಮೆಯಾಗುವುದು ಕೊಳ್ಳುವಾಗಲೇ. ಹಾಲನ್ನು ಪ್ಯಾಕೆಟ್ಟಿನ ಬದಲು ಊರ ಡೈರಿಯಿಂದ ಕ್ಯಾನಿನಲ್ಲಿ ತನ್ನಿ, ರಾಗಿ ಅವರೆ ಗೋಣಿಯಲ್ಲಿ, ತರಕಾರಿ ಗುಂಡ್ಲುಪೇಟೆ ಸಂತೆಯಿಂದ ಬುಟ್ಟಿಯಲ್ಲಿ. ಜೇನನ್ನು ಸೋಲಿಗರ ಲ್ಯಾಂಪ್ಸ್ ಸೊಸೈಟಿಯಿಂದ (ಆದಿವಾಸಿಗಳ ಸಹಕಾರ ಸಂಘ) ಕೊಳ್ಳಬಹುದು.

ಕರೆಂಟು, ಬೆಳಕು

ಒಂದು ಟೆಂಟಿಗೆ 7 ವ್ಯಾಟಿನ 4 ಎಲ್‌ಇಡಿ 5 ಗಂಟೆ, 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟಿನ) ಫ್ಯಾನು 10 ಗಂಟೆ, ಮೊಬೈಲ್ ಚಾರ್ಜಿಂಗ್ ಸೇರಿ ಅರ್ಧ ಯುನಿಟ್. ಹತ್ತಕ್ಕೆ 5 ಯುನಿಟ್. ಫ್ರಿಜ್, ಫ್ರೀಜರ್, ಊಟದ ಮನೆ, ಪಂಪು ಸೇರಿದರೆ ದಿನಕ್ಕೆ 13 ಯುನಿಟ್. ಮಳೆಗಾಲದಲ್ಲಿ ಒಳ್ಳೆಯ ಬಿಸಿಲು 3 ಗಂಟೆ ಮಾತ್ರ ಸಿಗುತ್ತದೆ, ಕಾಲುಭಾಗ ನಷ್ಟವೂ ಇದೆ ಎಂದುಕೊಂಡು 6 ಕಿಲೋವ್ಯಾಟ್ ಪ್ಯಾನಲ್, 15 ಯುನಿಟಿನ ಲಿಥಿಯಂ ಬ್ಯಾಟರಿ ಹಾಕಿ. ಬೇಸಿಗೆಯ ಲೆಕ್ಕದಲ್ಲಿ ಕಟ್ಟಿದ ವ್ಯವಸ್ಥೆ ಜೂನಿನಲ್ಲಿ ಕೈಕೊಟ್ಟು, ರಾತ್ರಿಯಿಡೀ ಜನರೇಟರ್ ಓಡಿಸುವ ಹಾಗಾಗುತ್ತದೆ. ಪಂಪನ್ನು ಹಗಲಲ್ಲೇ ಓಡಿಸಿ 10,000 ಲೀಟರಿನ ಮೇಲ್ತೊಟ್ಟಿ ತುಂಬಿಸಿಕೊಳ್ಳಿ. ಟೆಂಟಿನೊಳಗೆ ಕೆಟಲ್ ಬೇಡ. 1,500 ವ್ಯಾಟಿನ ನಾಲ್ಕು ಕೆಟಲ್ ಬೆಳಗ್ಗೆ 5 ಗಂಟೆಗೆ ಒಟ್ಟಿಗೆ ಹೊತ್ತಿದರೆ ಇನ್ವರ್ಟರ್ ನಿಲ್ಲುತ್ತದೆ. ಚಹಾವನ್ನು ಫ್ಲಾಸ್ಕಿನಲ್ಲಿ ಟೆಂಟಿಗೇ ಕೊಡಿ.

ದಾರಿದೀಪ ಮೊಣಕಾಲಿಗಿಂತ ಕೆಳಗೆ, 3 ವ್ಯಾಟ್, ಹಳದಿ ಬೆಳಕು, ಮೇಲೆ ಮುಚ್ಚಿದ್ದು. ರಾತ್ರಿ 10ಕ್ಕೆ ಅದೂ ಆರಲಿ, ಆಮೇಲೆ ಟಾರ್ಚು ಹಿಡಿದ ಸಿಬ್ಬಂದಿಯೇ ಅತಿಥಿಗಳನ್ನು ಟೆಂಟಿಗೆ ಬಿಡಬೇಕು. ಧ್ವನಿವರ್ಧಕ ಬೇಡವೇ ಬೇಡ.

ಬೆಂಕಿ

ಕ್ಯಾಂಪ್ ಫೈರಿಗೆ ಹಳ್ಳಿಯಿಂದ ಸೌದೆ ಕೊಂಡರೆ ಅದು ಕಾಡಿನಿಂದಲೇ ಬಂದಿರುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಇಲ್ಲವೇ ಸರ್ವೆ ಮರದ ಸೌದೆ ಮಾತ್ರ ಬಳಸಿ, ಕಬ್ಬಿಣದ ತಟ್ಟೆಯಲ್ಲಿ, ಒಂದು ಸಂಜೆಗೆ ಒಂದೇ ಬೆಂಕಿ. ಫೆಬ್ರುವರಿಯಿಂದ ಮೇ ತನಕ ಅದೂ ಇಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋಗಿದ್ದನ್ನು ಈ ಕಡೆಯ ಯಾರೂ ಮರೆತಿಲ್ಲ. ಒಣಗಿದ ಲಂಟಾನದ ಕಳೆಪೊದೆ ನೆಲದ ಬೆಂಕಿಯನ್ನು ಮರದ ನೆತ್ತಿಗೇರಿಸುತ್ತದೆ. ಡಿಸೆಂಬರಿನೊಳಗೆ ಕ್ಯಾಂಪಿನ ಸುತ್ತ 6 ಮೀಟರ್ ಅಗಲಕ್ಕೆ ಒಣಹುಲ್ಲು, ಕಡ್ಡಿ ತೆಗೆದು ಬೆಂಕಿ ರೇಖೆ ಬಿಡಿಸಿಟ್ಟುಕೊಳ್ಳಿ. ಲಂಟಾನವನ್ನು ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ; ಮಣ್ಣಿನಿಂದ ಮೂರು ಇಂಚು ಕೆಳಗೆ ಬೇರಿನ ಗಡ್ಡೆ ಕಡಿದು, ಬುಡ ಮೇಲಾಗಿ ಒಣಹಾಕಿ. ದಪ್ಪ ಕೋಲುಗಳನ್ನು ಕುದಿಸಿ ತೊಗಟೆ ಸುಲಿದರೆ ಕುರ್ಚಿ, ಮೇಜಿಗೆ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈ ಕೆಲಸದಲ್ಲಿ ಪಳಗಿದವರು, ನಿಮ್ಮ ಊಟದ ಮನೆಯ ಪೀಠೋಪಕರಣ ಅವರಿಂದಲೇ ಮಾಡಿಸಿ.

ಸಫಾರಿ, ಅತಿಥಿ, ಸಿಬ್ಬಂದಿ

ಖಾಸಗಿ ಕ್ಯಾಂಪಿನ ಜೀಪು ಕಾಡಿನೊಳಗೆ ಹೋಗುವಂತಿಲ್ಲ, ಅರಣ್ಯ ಇಲಾಖೆ ಇಲ್ಲವೇ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಹನದಲ್ಲೇ ಹೋಗಬೇಕು. ಬುಕಿಂಗ್ ಮಾಡುವಾಗಲೇ ಇದನ್ನೂ, ಹುಲಿ ಕಾಣುವ ಖಾತ್ರಿ ಇಲ್ಲವೆಂಬುದನ್ನೂ ಅತಿಥಿಗೆ ಹೇಳಿ. ಹುಲಿ ತೋರಿಸುತ್ತೇವೆಂದು ಮಾತು ಕೊಟ್ಟ ಕ್ಯಾಂಪಿನ ಅತಿಥಿಗಳೇ ಚಾಲಕನಿಗೆ ಹತ್ತಿರ ಹೋಗು ಎಂದು ಒತ್ತಡ ಹಾಕುವುದು. ಬಂಡೀಪುರದ ಹೆದ್ದಾರಿಗಳು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತವೆ, ಊಟಿ, ವಯನಾಡಿನ ಕಡೆಯಿಂದ ಬರುವವರಿಗೆ ಮುಂಚೆಯೇ ತಿಳಿಸಿ.

ಜೇನುಕುರುಬ, ಬೆಟ್ಟಕುರುಬ, ಸೋಲಿಗ ಯುವಕ ಯುವತಿಯರನ್ನು ಗುಡಿಸಲು, ಬಡಿಸಲು ಮಾತ್ರ ತೆಗೆದುಕೊಂಡರೆ ಅವರ ತಿಳಿವಳಿಕೆಗೆ ಮಾಡಿದ ಅವಮಾನ ಅದು. ನಡಿಗೆ ಕರೆದೊಯ್ಯುವ, ಹಕ್ಕಿ ಗುರುತಿಸುವ ಕೆಲಸ ಅವರದ್ದಾಗಲಿ, ನ್ಯಾಚುರಲಿಸ್ಟಿನ ಸಂಬಳವೇ ಸಿಗಲಿ.

ದಿನಕ್ಕೆ ಒಂದು ಸಾಲಿನ ಪುಸ್ತಕ ಇಡಿ: ನೀರಿನ ಮೀಟರ್, ಬೇಲಿ ವೋಲ್ಟೇಜು, ಹಸಿ ಕಸದ ತೂಕ, ಬ್ಯಾಟರಿ ಮಟ್ಟ, ಕ್ಯಾಂಪಿನೊಳಗೆ ಕಂಡ ಹೆಜ್ಜೆ, ಲದ್ದಿ. ಅತಿಥಿಗಳಿಲ್ಲದ ದಿನವೂ ಮೀಟರ್ 500 ಲೀಟರಿಗಿಂತ ಹೆಚ್ಚು ಓಡಿದ್ದರೆ, ಆ ದಿನ ಉಳಿದಿದ್ದ ಸಿಬ್ಬಂದಿಯ ಖರ್ಚು ಕಳೆದು ನೋಡಿ. ಆಗಲೂ ಹೊಂದದಿದ್ದರೆ ಎಲ್ಲೋ ಪೈಪು ಸೋರುತ್ತಿದೆ. ಅಡುಗೆಮನೆ ಹಿಂದೆ ಮೂರು ದಿನ ಸತತ ಹಂದಿ ಹೆಜ್ಜೆ ಬಿದ್ದಿದ್ದರೆ ಜಿಡ್ಡು ತೊಟ್ಟಿಯ ಮುಚ್ಚಳ, ಮೆಶ್ ಕೋಣೆಯ ಬಾಗಿಲು ಎರಡನ್ನೂ ಸಂಜೆ 6ರೊಳಗೆ ನೀವೇ ಹೋಗಿ ನೋಡಿ.