ಎರಡು ಕಿಲೋಮೀಟರಿಗೇ ನಿಲ್ಲುತ್ತಿದ್ದ ಪದ್ಮಿನಿ: ನನ್ನ ಅನುಭವ

11 ವರ್ಷ ಶೆಡ್ಡಿನಲ್ಲಿ ನಿಂತಿದ್ದ ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು, ಹೊಸ ಬ್ಯಾಟರಿ ಹಾಕಿದ ಮೇಲೆ ಸ್ಟಾರ್ಟ್ ಏನೋ ಆಯ್ತು. ಆದರೆ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಜರ್ಕ್ ಹೊಡೆದು ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಮೂರು ಸಲ ತೊಳೆದೆ. ಕಿಡಿ ಹೊತ್ತಿಸುವ ಭಾಗಗಳಾದ ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್, ಜೊತೆಗೆ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಪೆಟ್ರೋಲ್ ಎಳೆಯುವ ತೆಳು ಪದರ) ಎಲ್ಲಾ ಬದಲಾಯಿಸಿದೆ. ಸುಮ್ನೆ ದುಡ್ಡು ಖರ್ಚು.

ಕೊನೆಗೆ ಟ್ಯಾಂಕಿನ ಪೈಪನ್ನು ಪಂಪಿನ ಹತ್ತಿರ ಬಿಚ್ಚಿ, ಬಯಲಲ್ಲಿ, ಎಂಜಿನ್‌ನಿಂದ ದೂರ ಇಟ್ಟ 2 ಲೀಟರ್ ಕ್ಯಾನಿನಿಂದ ಪೆಟ್ರೋಲ್ ಕೊಟ್ಟೆ. ರೇಸ್ ಕೊಟ್ಟರೂ ನಿಲ್ಲಲಿಲ್ಲ. ಟ್ಯಾಂಕಿನಿಂದಾದರೆ ಐದೇ ನಿಮಿಷ. ಅಂದರೆ ದೋಷ ಟ್ಯಾಂಕಿನ ಕಡೆಯದ್ದೇ ಅಲ್ವಾ? ಇಳಿಸಿ ನೋಡಿದರೆ ಒಳಗಿನ ಜಾಲರಿ ಮೇಲೆ ಕಾಫಿ ಗಸಿಯಂಥ ತುಕ್ಕು. ಗಾಡಿ ಓಡುವಾಗ ಅದು ಜಾಲರಿಗೆ ಅಂಟಿಕೊಂಡು ಪೆಟ್ರೋಲ್ ತಡೆಯುತ್ತೆ, ನಿಂತ ಮೇಲೆ ಕೆಳಗೆ ಬೀಳುತ್ತೆ.

ಮಾಡಿದ ಕ್ರಮ ಹೀಗೆ. ಹಳೇ ಪೆಟ್ರೋಲ್ ಪೂರ್ತಿ ತೆಗೆದು ಸೋಪುನೀರಲ್ಲಿ ತೊಳೆದೆ, ಎರಡು ಹಿಡಿ ನಟ್ ಹಾಕಿ ಚೆನ್ನಾಗಿ ಅಲ್ಲಾಡಿಸಿದೆ, ಆಮೇಲೆ ಬಿಳಿ ವಿನೆಗರ್ ತುಂಬಿ 24 ಗಂಟೆ ಬಿಟ್ಟೆ. ಮತ್ತೆ ಅಡುಗೆ ಸೋಡಾ ನೀರು, ಬರೀ ನೀರು, ನಂತರ ಗಾಳಿ ಹೊಡೆದು ಪೂರ್ತಿ ಒಣಗಿಸಿ ತಡಮಾಡದೆ ಪೆಟ್ರೋಲ್ ಹಾಕಿದೆ. ತಡವಾದರೆ ಮತ್ತೆ ತುಕ್ಕು ಬರುತ್ತೆ. ಟ್ಯಾಂಕ್ ಜೋಡಿಸುವ ಮೊದಲು ಪೈಪಿಗೆ ಪಂಪಿನ ಕಡೆಯಿಂದ ಹಿಂದಕ್ಕೆ ಗಾಳಿ ಹೊಡೆಯಬೇಕು. ರಬ್ಬರ್ ಪೈಪೆಲ್ಲ ಹೊಸದು, ಪಂಪಿಗೂ ಮುಂಚೆ ಒಂದು ಪಾರದರ್ಶಕ ಫಿಲ್ಟರ್.

ಮೊದಲ 100 ಕಿಲೋಮೀಟರಿಗೇ ಆ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿತು, ಬದಲಾಯಿಸಿದೆ. ಎರಡನೆಯದು ಇನ್ನೂ ಬೆಳ್ಳಗಿದೆ. ಗಾಡಿ ಎಲ್ಲೂ ನಿಂತಿಲ್ಲ.