ಚಿಪ್ ಎರಡು ಸಲ ಬದಲಾಯಿಸಿದೆ, ತಪ್ಪು ಚಿಪ್‌ದಾಗಿರಲಿಲ್ಲ

ಮೇಜಿನ ಮೇಲೆ ಮೂರು ಯುಎಸ್‌ಬಿ ಸಿ ಟೈಪ್ ಚಾರ್ಜರ್. ಮೂರೂ 20 ವೋಲ್ಟ್ ಕೊಡುವಂಥವು. ಮೊದಲನೆಯದಕ್ಕೆ ನನ್ನ ಬೋರ್ಡ್ ಚುಚ್ಚಿದರೆ ದೀಪ ಚೆನ್ನಾಗಿ ಉರಿಯುತ್ತದೆ. ಎರಡನೆಯದಕ್ಕೆ ಚುಚ್ಚಿದರೆ ಏನೂ ಇಲ್ಲ, ಸತ್ತ ಹಾಗೆ. ಮೂರನೆಯದಕ್ಕೆ ಚುಚ್ಚಿದರೆ ಒಂದೂವರೆ ಸೆಕೆಂಡಿಗೊಮ್ಮೆ ಮಿಣುಕ್ ಅಂತ ಕಣ್ಣು ಹೊಡೆಯುತ್ತದೆ. ಇಂಥದ್ದು ಕಂಡಾಗ ಮೊದಲು ಅನ್ನಿಸೋದು ಚಿಪ್ ಹೋಗಿದೆ ಅಂತಲೇ ಅಲ್ವಾ? ನನಗೂ ಹಾಗೇ ಅನ್ನಿಸಿತು. ಹಾಟ್ ಏರ್ ಹಿಡಿದು ಪಿಡಿ (ಪವರ್ ಡೆಲಿವರಿ, ಚಾರ್ಜರ್ ಜೊತೆ ಮಾತಾಡಿ ಬೇಕಾದ ವೋಲ್ಟೇಜ್ ಪಡೆಯುವ ಪದ್ಧತಿ) ಚಿಪ್ ಕಿತ್ತೆ, ಹೊಸದು ಕೂರಿಸಿದೆ. ಅದೇ ಕಥೆ. ಇನ್ನೊಂದು ಕೂರಿಸಿದೆ. ಆಗಲೂ ಅದೇ ಕಥೆ. ಕಿತ್ತ ಎರಡನ್ನೂ ಒಂದು ಡಬ್ಬಿಗೆ ಹಾಕಿ ಮೇಲೆ ‘ಕೆಟ್ಟದ್ದು’ ಅಂತ ಬರೆದೆ.

ಬೋರ್ಡ್ ದೊಡ್ಡದೇನಲ್ಲ. ಒಂದು ಎಲ್‌ಇಡಿ ದೀಪದ ಡ್ರೈವರ್, 20 ವೋಲ್ಟ್‌ನಲ್ಲಿ 2.5 ಆಂಪ್ ಬೇಕು. ಪಿಡಿಗೆ ಎಫ್‌ಯುಎಸ್‌ಬಿ302 ಹಾಕಿದ್ದೆ. ಈ ಚಿಪ್ ತಾನಾಗಿ ಚೌಕಾಸಿ ಮಾಡುವುದಿಲ್ಲ, ಸಿಸಿ ಗೆರೆಯ (ಚಾರ್ಜರ್ ಮತ್ತು ಬೋರ್ಡ್ ಮಾತಾಡಿಕೊಳ್ಳುವ ತಂತಿ) ಮೇಲೆ ಬಂದ ಸಂದೇಶವನ್ನು ಬಿಡಿಸಿ ಐ2ಸಿ ಅನ್ನೋ ಎರಡು ತಂತಿಯ ಸಂಪರ್ಕದ ಮೂಲಕ ಕೈಗೆ ಕೊಡುತ್ತದೆ, ಯಾವ ವೋಲ್ಟೇಜ್ ಕೇಳಬೇಕು ಅನ್ನೋದನ್ನು ಮೈಕ್ರೋಕಂಟ್ರೋಲರ್‌ನಲ್ಲಿರುವ ನಮ್ಮ ಕೋಡೇ ನೋಡಿಕೊಳ್ಳಬೇಕು. ಅಂದರೆ ತಪ್ಪು ಮಾಡಲು ನನಗೆ ಬೇಕಾದಷ್ಟು ಜಾಗ ಇತ್ತು.

ಮೊದಲು ಆ ಸತ್ತ ಚಾರ್ಜರ್ ವಿಷಯ. ಸಿ ಟೈಪ್‌ನಲ್ಲಿ ವಿಬಸ್ (ವಿದ್ಯುತ್ ಕೊಡುವ ಗೆರೆಯ ವೋಲ್ಟೇಜ್) ಸುಮ್ನೆ ಬರುವುದಿಲ್ಲ. ಚಾರ್ಜರ್ ಸಿಸಿ ಗೆರೆಯ ಮೇಲೆ ತುಸು ಕರೆಂಟ್ ತಳ್ಳುತ್ತಾ ಕಾದಿರುತ್ತದೆ. ಎದುರಿಗೆ 5.1 ಕಿಲೋಓಮ್ ಸಿಕ್ಕಿದರೆ ಯಾರೋ ಬಂದರು ಅಂತ ಲೆಕ್ಕ, ಆಮೇಲೇ 5 ವೋಲ್ಟ್ ಬಿಡುವುದು. ಆ ಕರೆಂಟ್ 80 ಮೈಕ್ರೋಆಂಪ್ ಇದ್ದರೆ ಮಾಮೂಲಿ ಯುಎಸ್‌ಬಿ, 180 ಇದ್ದರೆ 1.5 ಆಂಪ್, 330 ಇದ್ದರೆ 3 ಆಂಪ್ ಕೊಡಬಲ್ಲೆ ಅಂತ ಅರ್ಥ. 5.1 ಕೆ ಜೊತೆ ಗುಣಿಸಿ ನೋಡಿ: 0.41, 0.92, 1.68 ವೋಲ್ಟ್. ಸಾದಾ ಮಲ್ಟಿಮೀಟರ್ ಸಾಕು, ಸ್ಕೋಪ್ (ಸಿಗ್ನಲ್‌ನ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಕೂಡ ಬೇಡ.

ಕನೆಕ್ಟರ್‌ನಲ್ಲಿ ಸಿಸಿ ಪಿನ್ ಎರಡು. ಸಿಸಿ1, ಸಿಸಿ2 ಎರಡಕ್ಕೂ ಟೆಸ್ಟ್ ಪಾಯಿಂಟ್ ಬಿಟ್ಟಿದ್ದೆ, ಅಷ್ಟು ಬುದ್ಧಿ ಆವತ್ತು ಇತ್ತು. ಮೀಟರ್ ಇಟ್ಟೆ. 1.68 ಹತ್ತಿರ ಬರಬೇಕಾದ ಕಡೆ 0.78 ತೋರಿಸಿತು. ಸರಿಯಾಗಿ ಅರ್ಧಕ್ಕೆ ಹತ್ತಿರ. ಅರ್ಧ ಅಂದ ಕೂಡಲೇ ತಲೆಗೆ ಹೊಳೆಯಬೇಕಿತ್ತು, ಹೊಳೆಯಲು ನನಗೆ ಒಂದು ಟೀ ಬೇಕಾಯಿತು. ಈ ಚಿಪ್‌ನ ಒಳಗೇ 5.1 ಕೆ ಇದೆ. ನಾನು ಬರೀ 5 ವೋಲ್ಟ್ ತೆಗೆದುಕೊಳ್ಳುವ ಹಳೆಯ ಬೋರ್ಡ್‌ಗಳ ಅಭ್ಯಾಸದಲ್ಲಿ ಹೊರಗೂ ಎರಡು 5.1 ಕೆ ಹಾಕಿದ್ದೆ. ಎರಡು ಸೇರಿ 2.55 ಕೆ. 330 ಮೈಕ್ರೋಆಂಪ್‌ಗೆ 0.84 ವೋಲ್ಟ್. ಮಜಾ ಇರುವುದು ಇಲ್ಲಿ: 3 ಆಂಪ್ ಹೇಳುವ ಚಾರ್ಜರ್‌ಗೆ ಇದು ಸಾಧನವೋ ಅಥವಾ ಕೇಬಲ್ ಒಳಗಿನ ಇ-ಮಾರ್ಕರ್‌ನ (ಕೇಬಲ್‌ನ ಗುರುತು ಹೇಳುವ ಚಿಪ್) ಸಣ್ಣ ರೆಸಿಸ್ಟರೋ ಅಂತ ನಿರ್ಧರಿಸುವ ಗಡಿ ಇರುವುದೇ 0.8 ವೋಲ್ಟ್‌ನಲ್ಲಿ. ಕರೆಂಟ್‌ಗೆ ಶೇಕಡ 8ರಷ್ಟು ಹೆಚ್ಚುಕಡಿಮೆಗೆ ಅವಕಾಶ ಇದೆ. ಹಾಗಾಗಿ ಒಂದು ಚಾರ್ಜರ್ ಗಡಿಯ ಈಚೆ, ಇನ್ನೊಂದು ಗಡಿಯ ಆಚೆ. ಹೊರಗಿನ ಎರಡು ರೆಸಿಸ್ಟರ್ ಕಿತ್ತೆಸೆದೆ. ಮೀಟರ್ 1.66 ತೋರಿಸಿತು, ಎರಡನೇ ಚಾರ್ಜರ್ ಎದ್ದು ಕೂತಿತು.

ಇಷ್ಟು ದಿನ ಇದು ಗೊತ್ತಾಗದೆ ಇದ್ದದ್ದಕ್ಕೆ ಒಂದು ಕಾರಣ, ನಾನು ಕೋಡ್ ಪರೀಕ್ಷೆಗೆಲ್ಲ ಎ ಟೈಪ್‌ನಿಂದ ಸಿ ಟೈಪ್‌ಗೆ ಹೋಗುವ ಕೇಬಲ್ ಬಳಸುತ್ತಿದ್ದದ್ದು. ಅದರಲ್ಲಿ ವಿಬಸ್ ಯಾವಾಗಲೂ ಜೀವಂತ, ಸಿಸಿ ಎಷ್ಟೇ ಹಾಳಾಗಿದ್ದರೂ ಬೋರ್ಡ್ ಏಳುತ್ತದೆ. ಎರಡೂ ಕಡೆ ಸಿ ಇರುವ ಕೇಬಲ್‌ನಲ್ಲಿ ನೋಡಬೇಕು, ತಿರುಗಿಸಿ ಚುಚ್ಚಿಯೂ ನೋಡಬೇಕು, ಯಾಕೆಂದರೆ ಕೇಬಲ್ ಒಳಗೆ ಹೋಗುವ ಸಿಸಿ ಗೆರೆ ಒಂದೇ. ಒಂದು ಬದಿಗೆ ನಡೆದು ಇನ್ನೊಂದು ಬದಿಗೆ ನಡೆಯದಿದ್ದರೆ ಒಂದು ಸಿಸಿ ಪಿನ್‌ನ ಬೆಸುಗೆ ಸರಿಯಿಲ್ಲ ಅಂತಲೇ ಮೊದಲ ಅನುಮಾನ.

ಇನ್ನು ಕಣ್ಣು ಹೊಡೆಯುವ ಚಾರ್ಜರ್. ಇದಕ್ಕೆ ಸ್ಕೋಪ್ ಬೇಕಾಯಿತು. ಒಂದು ಚಾನೆಲ್ ವಿಬಸ್‌ಗೆ, ಇನ್ನೊಂದು ಸಿಸಿಗೆ. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಪಿಡಿಯಲ್ಲಿ ಏನೂ ಅರ್ಥವಾಗುವುದಿಲ್ಲ. ಸಂದೇಶ ಬಿಡಿಸುವ ಉಪಕರಣ ನನ್ನ ಹತ್ತಿರ ಇರಲಿಲ್ಲ, ಆದರೆ ಉದ್ದ ನೋಡಿಯೇ ಬಹಳ ಹೇಳಬಹುದು. ಸೆಕೆಂಡಿಗೆ 300 ಕಿಲೋಬಿಟ್ ವೇಗ. ಚಾರ್ಜರ್ ತನ್ನ ಬಳಿ ಇರುವ ವೋಲ್ಟೇಜ್‌ಗಳ ಪಟ್ಟಿ ಕಳಿಸಿದರೆ ಒಂದು ಮಿಲಿಸೆಕೆಂಡ್ ಅಥವಾ ತುಸು ಜಾಸ್ತಿ ಉದ್ದದ ಗೀಚು. ಅದರ ಬೆನ್ನಿಗೇ ಅರ್ಧ ಮಿಲಿಸೆಕೆಂಡಿನ ಇನ್ನೊಂದು ಗೀಚು, ಅದು ಗುಡ್‌ಸಿಆರ್‌ಸಿ. ಒಬ್ಬರು ಕಥೆ ಹೇಳಿದರೆ ಇನ್ನೊಬ್ಬರು ಹೂಂಗುಟ್ಟುತ್ತಾರಲ್ಲ, ಅದೇ. ಎಫ್‌ಯುಎಸ್‌ಬಿ302 ತಾನೇ ಹೂಂಗುಟ್ಟುತ್ತದೆ, ಕೋಡ್ ಕಾಯುವುದಿಲ್ಲ. ನನ್ನ ಪರದೆಯಲ್ಲಿ ಕಥೆ ಇತ್ತು, ಹೂಂ ಇತ್ತು. ಆಮೇಲೆ ನನ್ನ ಕಡೆಯಿಂದ ಹೋಗಬೇಕಾದ ರಿಕ್ವೆಸ್ಟ್ ಇರಲಿಲ್ಲ. ಸುಮಾರು 27 ಮಿಲಿಸೆಕೆಂಡ್ ಮೌನ. ನಂತರ 0.3 ಮಿಲಿಸೆಕೆಂಡಿಗಿಂತ ಚಿಕ್ಕದೊಂದು ಗೀಚು, ಅದಕ್ಕೆ ಯಾರೂ ಹೂಂ ಅನ್ನಲಿಲ್ಲ. ಹಾರ್ಡ್ ರೀಸೆಟ್. ವಿಬಸ್ ಸೊನ್ನೆಗೆ ಬಿತ್ತು, ಬೋರ್ಡ್ ಆರಿತು, ಮುಕ್ಕಾಲು ಸೆಕೆಂಡಿನ ಮೇಲೆ ಮತ್ತೆ 5 ವೋಲ್ಟ್ ಬಂತು, ಮತ್ತೆ ಮೊದಲಿಂದ.

ನಿಯಮದ ಪ್ರಕಾರ ನಾವು 15 ಮಿಲಿಸೆಕೆಂಡಿನ ಒಳಗೆ ಉತ್ತರ ಕೊಡಬೇಕು. ಚಾರ್ಜರ್ 24ರಿಂದ 30ರವರೆಗೆ ತಾಳಿಕೊಳ್ಳುತ್ತದೆ. ನನ್ನ ಕೋಡ್ ಅಷ್ಟು ಹೊತ್ತು ಏನು ಮಾಡುತ್ತಿತ್ತು? ಪ್ರಿಂಟ್! ದೋಷ ಹುಡುಕಲು ಅಂತ ನಾನೇ ಹಾಕಿದ್ದ ಸಾಲುಗಳು. ಬಂದ ಪ್ರತಿ ಪಿಡಿಒಗೆ (ಚಾರ್ಜರ್ ಪಟ್ಟಿಯ ಒಂದು ನಮೂದು) ಒಂದು ಸಾಲು, ಸಾಲಿಗೆ ಸುಮಾರು 55 ಅಕ್ಷರ. 115200 ಬಾಡ್ ವೇಗದಲ್ಲಿ ಒಂದು ಅಕ್ಷರಕ್ಕೆ 87 ಮೈಕ್ರೋಸೆಕೆಂಡ್. ಮೊದಲ ಚಾರ್ಜರ್ ಕೊಡುತ್ತಿದ್ದದ್ದು ನಾಲ್ಕೇ ಪಿಡಿಒ: 5, 9, 15, 20. ನಾಲ್ಕು ಸಾಲು, 19 ಮಿಲಿಸೆಕೆಂಡ್, ಹೇಗೋ ಪಾರು. ಈ ಮೂರನೆಯದು ಹೊಸದು, 12 ವೋಲ್ಟ್ ಮತ್ತು ಎರಡು ಪಿಪಿಎಸ್ (ವೋಲ್ಟೇಜನ್ನು ಸಣ್ಣ ಹೆಜ್ಜೆಗಳಲ್ಲಿ ಬದಲಿಸಬಹುದಾದ ನಮೂದು) ಸೇರಿಸಿ ಏಳು ಕೊಡುತ್ತಿತ್ತು. ಏಳು ಸಾಲು, 33 ಮಿಲಿಸೆಕೆಂಡ್. ಮುಗಿಯಿತು. ಚಾರ್ಜರ್ ಜಾಸ್ತಿ ಮಾತಾಡಿದ್ದಕ್ಕೆ ನನ್ನ ಬೋರ್ಡ್ ಸಾಯುತ್ತಿತ್ತು ಅಂದರೆ ನಂಬುತ್ತೀರಾ. ಪ್ರಿಂಟ್‌ಗಳನ್ನೆಲ್ಲ ಮೆಮೊರಿಯ ಒಂದು ಬಫರ್‌ಗೆ ತುಂಬಿಸಿ, ಒಪ್ಪಂದ ಆಗಿ 20 ವೋಲ್ಟ್ ಬಂದ ಮೇಲೆ ಹೊರಗೆ ಕಳಿಸುವ ಹಾಗೆ ಮಾಡಿದೆ. ಈಗ ರಿಕ್ವೆಸ್ಟ್ 2 ಮಿಲಿಸೆಕೆಂಡಿನಲ್ಲಿ ಹೋಗುತ್ತದೆ.

ಇದಾದ ಮೇಲೆ ಒಂದು 45 ವ್ಯಾಟ್ ಚಾರ್ಜರ್ ತಂದು ನೋಡಿದೆ. ಅದರಲ್ಲಿ 20 ವೋಲ್ಟ್‌ಗೆ ಸಿಗುವುದು 2.25 ಆಂಪ್. ನನ್ನ ಕೋಡ್ ಕಣ್ಣು ಮುಚ್ಚಿ 2.5 ಕೇಳುತ್ತಿತ್ತು. ರಿಜೆಕ್ಟ್. ಪಟ್ಟಿ ಓದಿ ಇರುವಷ್ಟೇ ಕೇಳಿ, ದೀಪದ ಬೆಳಕನ್ನು ಅದಕ್ಕೆ ತಕ್ಕಂತೆ ಇಳಿಸಿದೆ, ಅಷ್ಟೇ.

ಹೆಚ್ಚು ಕಾಟ ಕೊಟ್ಟದ್ದು ಲೋಡ್ ಸ್ವಿಚ್, ಅಂದರೆ ವಿಬಸ್‌ಗೂ ದೀಪದ ಸರ್ಕ್ಯೂಟ್‌ಗೂ ನಡುವಿನ ಸ್ವಿಚ್. ಚುಚ್ಚಿದ ಕ್ಷಣದಲ್ಲಿ ವಿಬಸ್ ಮೇಲೆ 10 ಮೈಕ್ರೋಫ್ಯಾರಡ್‌ಗಿಂತ ಜಾಸ್ತಿ ಕಾಣಿಸಬಾರದು. ಅದಕ್ಕೇ ನನ್ನ 220 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಆ ಸ್ವಿಚ್ ಕೆಲಸ ಮಾಡುವ ಎರಡು ಮಾಸ್‌ಫೆಟ್‌ ಟ್ರಾನ್ಸಿಸ್ಟರ್‌ಗಳ ಹಿಂದೆ ಬಚ್ಚಿಟ್ಟಿದ್ದೆ. 20 ವೋಲ್ಟ್ ಬಂದ ಮೇಲೆ ಸ್ವಿಚ್ ಹಾಕಿದರೆ ಚಾರ್ಜರ್ ಆಫ್. ಲೆಕ್ಕ ಹಾಕಿದರೆ ನಗು ಬರುತ್ತದೆ: 100 ಮೈಕ್ರೋಸೆಕೆಂಡಿನಲ್ಲಿ ಅದನ್ನು ತುಂಬಿಸಲು 44 ಆಂಪ್ ಬೇಕು. ಯಾವ ಚಾರ್ಜರ್ ಕೊಡುತ್ತದೆ? ಮಾಸ್‌ಫೆಟ್‌ನ ಗೇಟ್‌ಗೆ ಒಂದು ಕೆಪಾಸಿಟರ್ ಸೇರಿಸಿ ಏರಿಕೆಯನ್ನು 20 ಮಿಲಿಸೆಕೆಂಡಿಗೆ ಎಳೆದೆ, 0.22 ಆಂಪ್‌ಗೆ ಇಳಿಯಿತು.

ಒಂದು ಚಿಪ್ ಮಾತ್ರ ನಿಜವಾಗಿಯೂ ಸತ್ತಿತು, ಅದನ್ನೂ ಹೇಳಿಬಿಡುತ್ತೇನೆ. ದೀಪ ಉರಿಯುತ್ತಿರುವಾಗ ಕೇಬಲನ್ನು ಓರೆಯಾಗಿ ಎಳೆದೆ. ಕನೆಕ್ಟರ್‌ನಲ್ಲಿ ವಿಬಸ್ ಪಿನ್ ಪಕ್ಕದಲ್ಲೇ ಸಿಸಿ, ನಡುವೆ ಅರ್ಧ ಮಿಲಿಮೀಟರ್. ಚಿಪ್‌ನ ಸಿಸಿ ಪಿನ್ ತಡೆಯುವುದು 6 ವೋಲ್ಟ್, ಬಂದದ್ದು 20. ಆ ಬದಿಯ ಸಿಸಿ ನೆಲಕ್ಕೆ ಶಾರ್ಟ್ ಆಗಿ ಕೂತಿತ್ತು. ಈಗ 20 ವೋಲ್ಟ್ ಬಳಸುವ ಪ್ರತಿ ಬೋರ್ಡ್‌ನಲ್ಲೂ ಸಿಸಿಗೆ ವಿಬಸ್ ಶಾರ್ಟ್ ತಡೆಯುವ ರಕ್ಷಣಾ ಚಿಪ್ ಹಾಕುತ್ತೇನೆ. ಸುಮ್ನೆ ಒಂದು ಟಿವಿಎಸ್ (ಕ್ಷಣಕಾಲ ಏರುವ ವೋಲ್ಟೇಜನ್ನು ತಡೆಯುವ ಡಯೋಡ್) ಸಾಲದು. ಟಿವಿಎಸ್ ಹಾಕುವಾಗಲೂ ಒಂದು ಎಚ್ಚರ, ಸಿಸಿ ಮೇಲೆ ಒಟ್ಟು ಕೆಪಾಸಿಟೆನ್ಸ್ 200ರಿಂದ 600 ಪಿಕೋಫ್ಯಾರಡ್ ಒಳಗೆ ಇರಬೇಕು, ಟಿವಿಎಸ್‌ದೂ ಅದರಲ್ಲೇ ಸೇರುತ್ತದೆ.

ಒಂದೇ ವೋಲ್ಟೇಜ್ ಸಾಕು ಅನ್ನುವ ಕೆಲಸಕ್ಕೆ ಇಷ್ಟು ಗೋಳು ಬೇಡ. ರೆಸಿಸ್ಟರ್‌ನಿಂದ ವೋಲ್ಟೇಜ್ ಆರಿಸುವ ಪುಟ್ಟ ಚಿಪ್‌ಗಳಿವೆ, ಕೋಡೇ ಬೇಡ. ಡೇಟಾಶೀಟ್‌ನಲ್ಲಿ ಒಂದೇ ಒಂದು ಸಾಲು ಹುಡುಕಿ: ಆ ರೆಸಿಸ್ಟರ್ ಕೂರುವ ಪಿನ್ ತೆರೆದುಕೊಂಡರೆ ಏನಾಗುತ್ತದೆ? ಕೆಲವದರಲ್ಲಿ 20 ವೋಲ್ಟ್ ಬರುತ್ತದೆ. ರೆಸಿಸ್ಟರ್‌ನ ಒಂದು ಕಾಲಿನ ಬೆಸುಗೆ ಬಿಟ್ಟರೆ 9 ವೋಲ್ಟ್‌ನ ನಿಮ್ಮ ಬೋರ್ಡ್ ಹೊಗೆ. ಇನ್ನು 12 ವೋಲ್ಟ್ ನೆಚ್ಚಿಕೊಂಡು ಡಿಸೈನ್ ಮಾಡಬೇಡಿ, ಅದು ಚಾರ್ಜರ್ ಕೊಡಲೇಬೇಕಾದ ಪಟ್ಟಿಯಲ್ಲಿಲ್ಲ, ಕೊಟ್ಟರೆ ಕೊಟ್ಟಿತು.

ಮೊನ್ನೆ ಹೊಸ ಆವೃತ್ತಿಯ ಬೋರ್ಡ್ ಬಂತು. ಸಿಸಿ ಟೆಸ್ಟ್ ಪಾಯಿಂಟ್ ಪಕ್ಕದಲ್ಲೇ 0.4, 0.9, 1.7 ಅಂತ ಬಿಳಿ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ. ಅದರ ಮೇಲೆ ಕೂರಿಸಿದ್ದು ಆ ‘ಕೆಟ್ಟದ್ದು’ ಡಬ್ಬಿಯ ಚಿಪ್‌ಗಳನ್ನೇ. ಎರಡೂ ಮೂರು ಚಾರ್ಜರ್‌ಗಳಲ್ಲೂ ನಡೆಯುತ್ತಿವೆ.