ಟೈರಿಗೆ ಎಷ್ಟು ಗಾಳಿ? ಬಂಕ್ ಹುಡುಗನ್ನ ಕೇಳ್ಬೇಡಿ, ಕಾರ್ ಬಾಗಿಲು ತೆಗೆದು ನೋಡಿ

ಬಂಕಲ್ಲಿ ಗಾಳಿ ಹಾಕೋ ಹುಡುಗ ‘ಎಷ್ಟು ಸಾರ್’ ಅಂದ್ರೆ ನಾನೂ ಬಹಳ ವರ್ಷ ‘35 ಹಾಕಪ್ಪ’ ಅಂತಿದ್ದೆ, ಆ 35 ಎಲ್ಲಿಂದ ಬಂತು ಅಂದ್ರೆ ಹಳೇ ಕಾರಿಗೆ ಹಾಕಿಸ್ತಿದ್ದೆ, ಅದನ್ನೇ ಹೊಸದಕ್ಕೂ ಹೇಳ್ತಿದ್ದೆ ಅಷ್ಟೇ.

ಮೊದಲು ಸರಿಯಾದ ನಂಬರ್ ಹುಡುಕಿ. ಡ್ರೈವರ್ ಬಾಗಿಲು ತೆಗೆದ್ರೆ ಪಕ್ಕದ ಬಾಗಿಲು ಚೌಕಟ್ಟಿನ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತೆ, ಕೆಲವು ಕಾರಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ. ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಜನ ಲಗೇಜು ತುಂಬಿದಾಗ ಎಷ್ಟು ಅಂತ ಅದರಲ್ಲೇ ಇರುತ್ತೆ. ಟೈರ್ ಮೇಲೆ 44, 51 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಅಂತ ಅಚ್ಚು ಹಾಕಿರ್ತಾರಲ್ಲ, ಅದು ಟೈರ್ ತಡ್ಕೊಳ್ಳೋ ಗರಿಷ್ಠ ಲಿಮಿಟ್ಟು, ಅಷ್ಟು ತುಂಬಿಸಿ ಅಂತಲ್ಲ.

ಇನ್ನು ಯಾವಾಗ ನೋಡ್ಬೇಕು? ಸ್ಟಿಕರ್ ಮೇಲಿರೋದು ತಣ್ಣಗಿರೋ ಟೈರಿನ ಲೆಕ್ಕ, ಅಂದ್ರೆ ಗಾಡಿ ನಿಂತು 3 ಗಂಟೆ ಆದ್ರೂ ಆಗಿರ್ಬೇಕು, ಬೆಳಿಗ್ಗೆ ಎದ್ದ ಕೂಡ್ಲೇ ನೋಡಿದ್ರೆ ಬೆಸ್ಟು. ಓಡಿದ ಟೈರ್ ಬಿಸಿಯಾಗುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ, ಸುಮಾರು 5-6 ಡಿಗ್ರಿ ಏರಿದ್ರೆ 1 ಪಿಎಸ್ಐ ಜಾಸ್ತಿ ತೋರಿಸುತ್ತೆ.

ಆದ್ರೆ ಬಂಕ್ ಮನೆಯಿಂದ ನಾಲ್ಕು ಕಿಲೋಮೀಟರ್ ದೂರ ಇದ್ರೆ? ಇಲ್ಲೇ ಎಲ್ರೂ ಎಡವೋದು. ಗಾಳಿ ಎಷ್ಟಿದೆ ಅಂತ ಅಳೆಯೋ ಒಂದು ಗೇಜ್ ಮನೇಲಿ ಇಟ್ಕೊಳ್ಳಿ. ವಾಲ್ವ್ ಮುಚ್ಚಳ ಬಿಚ್ಚಿ (ಜೇಬಿಗೆ ಹಾಕ್ಕೊಳ್ಳಿ, ನೆಲದ ಮೇಲಿಟ್ರೆ ಉರುಳ್ಕೊಂಡು ಹೋಗುತ್ತೆ) ಗೇಜನ್ನ ನೇರವಾಗಿ ಒತ್ತಿ, ಉಸ್ ಅಂತ ಸೌಂಡ್ ಬರ್ತಾನೇ ಇದ್ರೆ ಸರಿಯಾಗಿ ಕೂತಿಲ್ಲ ಅಂತ. ಬೇಕಾಗಿರೋದು 33, ತೋರಿಸಿದ್ದು 29 ಅನ್ಕೊಳ್ಳಿ, ಕಮ್ಮಿ ಇರೋದು 4. ಬಂಕಿಗೆ ಹೋಗೋಷ್ಟ್ರಲ್ಲಿ ಬಿಸಿಯಾಗಿ ಅದೇ ಟೈರ್ 31 ತೋರಿಸಿದ್ರೆ 33ಕ್ಕೆ ನಿಲ್ಸೋ ಹಾಗಿಲ್ಲ, 31ಕ್ಕೆ 4 ಸೇರಿಸಿ 35 ಮಾಡಿಸಿ, ತಣ್ಣಗಾದ್ಮೇಲೆ ಅದೇ 33ಕ್ಕೆ ಬಂದು ಕೂರುತ್ತೆ.

ಇದರ ಉಲ್ಟಾ ತಪ್ಪು ಬೆಂಗಳೂರು-ಮೈಸೂರು ರೋಡಲ್ಲಿ ಆಗುತ್ತೆ. ಒಂದು ಗಂಟೆ ಓಡ್ಸಿ ಕಾಫಿಗೆ ನಿಲ್ಸಿದಾಗ ಗಾಳಿ ನೋಡ್ತಾರೆ, 37 ಇದೆ, ಅಯ್ಯೋ ಜಾಸ್ತಿ ಆಯ್ತು ಅಂತ ಬಿಡಿಸ್ತಾರೆ. ದಯವಿಟ್ಟು ಬಿಡಿಸ್ಬೇಡಿ. ಟೈರ್ ಸ್ಫೋಟ ಅಂದ್ರೆ ಗಾಳಿ ಜಾಸ್ತಿ ಆಗಿ ಅಂತಲೇ ಜನ ಅನ್ಕೊಂಡಿದ್ದಾರೆ, ಆದ್ರೆ ಗಾಳಿ ಕಮ್ಮಿ ಇರೋ ಟೈರೇ ಹೆಚ್ಚು ಡೇಂಜರ್, ಸ್ಪೀಡಲ್ಲಿ ಅದರ ಪಕ್ಕದ ಗೋಡೆ ಬಗ್ಗಿ ಬಗ್ಗಿ ವಿಪರೀತ ಬಿಸಿಯಾಗಿ ಒಳಗಿಂದಲೇ ಹರಿದು ಹೋಗುತ್ತೆ. ಹಾಗಂತ ಜಾಸ್ತಿ ತುಂಬಿಸಿದ್ರೂ ಒಳ್ಳೇದಲ್ಲ, ನಡುಭಾಗ ಬೇಗ ಸವೆಯುತ್ತೆ, ರೋಡಿನ ಹಿಡಿತ ಕಮ್ಮಿಯಾಗುತ್ತೆ. ಕಮ್ಮಿ ಇದ್ರೆ ಎರಡೂ ಅಂಚು ಸವೆಯುತ್ತೆ, ನಿಮ್ಮ ಟೈರನ್ನ ಈಗ್ಲೇ ಹೋಗಿ ನೋಡಿ, ಗೊತ್ತಾಗುತ್ತೆ.

ಟೈರಿಗೆ ಗಾಳಿ ಬದಲು ನೈಟ್ರೋಜನ್ ತುಂಬಿಸ್ಬೇಕಾ ಅಂದ್ರೆ, ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್ ಇದೆ, ನಾನಂತೂ ದುಡ್ಡು ಕೊಡಲ್ಲ.

ತಿಂಗಳಿಗೊಮ್ಮೆ, ಆಮೇಲೆ ಲಾಂಗ್ ಟ್ರಿಪ್ಪಿಗೆ ಮುಂಚೆ ನೋಡಿದ್ರೆ ಸಾಕು. ಮೂರು ಟೈರ್ ಸರಿ ಇದ್ದು ಒಂದೇ ಪದೇ ಪದೇ ಇಳೀತಿದ್ರೆ ಮೊಳೆ ಕೂತಿರುತ್ತೆ ಇಲ್ಲಾ ವಾಲ್ವ್ ಲೀಕು, ಸೋಪಿನ ನೀರು ಹಾಕಿದ್ರೆ ಗುಳ್ಳೆ ಬರುತ್ತೆ, ಪಂಕ್ಚರ್ ಅಂಗಡಿಗೆ ಹೋಗಿ. ಸ್ಟೆಪ್ನಿ ಮರೀಬೇಡಿ. ಅದು ಸಣಕಲು ಎಮರ್ಜೆನ್ಸಿ ಟೈರ್ ಆಗಿದ್ರೆ ಸಾಮಾನ್ಯವಾಗಿ 60 ಪಿಎಸ್ಐ ಬೇಕು, ಅದರ ಮೇಲೇ ಬರೆದಿರುತ್ತೆ. ಡಿಕ್ಕಿಗೆ ಲಗೇಜ್ ತುಂಬೋಕೆ ಮುಂಚೆನೇ ನೋಡ್ಕೊಳ್ಳಿ, ತುಂಬಿದ್ಮೇಲೆ ಯಾರೂ ಇಳಿಸಿ ನೋಡಲ್ಲ.